ಓದುಗರ ಪ್ರಶ್ನೆಗಳು: ನೆರೆಯಲ್ಲಿ ಯಾರಾದರೂ ಇದ್ದರೆ ಮದ್ದು ತಯಾರಿಸುವ ಸೂಕ್ಷ್ಮಜೀವಿಗಳು

ಎರಡು ಬಗೆಯ ಸೂಕ್ಷ್ಮಜೀವಿಗಳನ್ನು ಒಟ್ಟಿಗೆ ಬೆಳೆಸಿದರೆ, ಒಂಟಿಯಾಗಿದ್ದಾಗ ತಯಾರಿಸದ ರಾಸಾಯನಿಕಗಳನ್ನು ಅವು ತಯಾರಿಸುವುದುಂಟು ಎಂಬ ಮಾತು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗಿತ್ತು. ಅದನ್ನು ಹಿಡಿದುಕೊಂಡು ಕೊಡಗಿನ ಓದುಗರು ಬರೆದ ಪತ್ರಗಳು ಸಾಕಷ್ಟು ಬಂದಿರುವುದರಿಂದ ಈ ಸಲದ ಪುಟಗಳನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ. ಒಂದೇ ತೆರನ ಪ್ರಶ್ನೆಗಳನ್ನು ಸೇರಿಸಿ, ಉಳಿದವನ್ನು ಸಂಕ್ಷೇಪಿಸಿ ಕೊಡಲಾಗಿದೆ.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಮದ್ದು ತಯಾರಿಸುವ ಶಕ್ತಿ ಬ್ಯಾಕ್ಟೀರಿಯಾಕ್ಕೆ ಹುಟ್ಟಿನಿಂದಲೇ ಇರುವುದಾದರೆ ಒಂಟಿಯಾಗಿರುವಾಗ ಅದು ಸುಮ್ಮನಿರುವುದೇಕೆ? ಪಕ್ಕದಲ್ಲಿ ಇನ್ನೊಂದು ಜೀವಿ ಇದೆಯೆಂದು ಅದಕ್ಕೆ ಗೊತ್ತಾಗುವುದಾದರೂ ಹೇಗೆ? (ಕುಶಾಲನಗರ)

ಉತ್ತರ: ನೀವು ಕೇಳಿದ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಸುಲಭ, ಎರಡನೆಯದಕ್ಕೆ ಕಷ್ಟ.

ನಮ್ಮ ಪ್ರತಿಜೀವಕಗಳಲ್ಲಿ ಬಹುಪಾಲು ಬಂದಿರುವುದು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಬಳಗದಿಂದ. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುವುದೂ ಮುಖ್ಯವಾಗಿ ಇದೇ ಬಳಗ. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿದ್ದ ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿಗೆ ಸ್ಟ್ರೆಪ್ಟೊಮೈಸಿನ್ ದೊರಕಿದ್ದು ಈ ಬಳಗದ ಒಂದು ಪ್ರಭೇದದಿಂದಲೇ. ಕ್ಷಯಕ್ಕೆ ನಾಟಿದ ಮೊದಲ ಮದ್ದು ಅದು. ಮುಂದೆ ಒಂದೆರಡು ದಶಕಗಳ ಕಾಲ ಊರೂರಿನ ಮಣ್ಣನ್ನು ತಂದು, ಅದರಲ್ಲಿದ್ದ ಬ್ಯಾಕ್ಟೀರಿಯಾವನ್ನು ಒಂದೊಂದಾಗಿ ಬೇರ್ಪಡಿಸಿ, ಒಂದೊಂದನ್ನೂ ಬೇರೆ ಬೇರೆ ತಟ್ಟೆಯಲ್ಲಿ ಶುದ್ಧವಾಗಿ ಬೆಳೆಸಿ ಪರೀಕ್ಷಿಸುವ ಕೆಲಸ ಜಗತ್ತಿನಾದ್ಯಂತ ನಡೆಯಿತು. ಕ್ರಮೇಣ ಸಿಕ್ಕಿದ್ದೇ ಮತ್ತೆ ಮತ್ತೆ ಸಿಗತೊಡಗಿತು. ಮಣ್ಣಿನ ಬೊಕ್ಕಸ ಬರಿದಾಯಿತೆಂದು ಹಲವು ಔಷಧ ಕಂಪನಿಗಳು ಆ ಕೆಲಸವನ್ನೇ ಕೈಬಿಟ್ಟವು.

ಬೊಕ್ಕಸ ಬರಿದಾಗಿರಲಿಲ್ಲ ಎಂಬುದು ತಿಳಿದದ್ದು 2002ರಲ್ಲಿ. ಆ ವರ್ಷ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಪ್ರಭೇದದ ಸಂಪೂರ್ಣ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ಣ ಬರಹ, ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ದಶಕಗಳಿಂದ ಪಳಗಿದ್ದ, ತನ್ನ ಒಳಗುಟ್ಟನ್ನೆಲ್ಲ ಬಿಟ್ಟುಕೊಟ್ಟಿದೆಯೆಂದು ಎಲ್ಲರೂ ನಂಬಿದ್ದ ಪ್ರಭೇದ ಅದು. ಅದರಿಂದ ತಿಳಿದಿದ್ದ ಪ್ರತಿಜೀವಕಗಳು ಬೆರಳೆಣಿಕೆಯಷ್ಟು. ಆದರೆ ಅದರ ಸುಮಾರು 7,800 ವಂಶವಾಹಿಗಳ ನಡುವೆ ಇಂಥ ವಿಶೇಷ ರಾಸಾಯನಿಕಗಳನ್ನು ತಯಾರಿಸಬಲ್ಲ ವಂಶವಾಹಿ ಗುಂಪುಗಳು ಇಪ್ಪತ್ತಕ್ಕೂ ಹೆಚ್ಚಿದ್ದವು. ತಯಾರಿಕೆಯ ಪೂರ್ಣ ವಿಧಾನ ಒಳಗೆ ಬರೆದಿಟ್ಟಿದ್ದರೂ ತಯಾರಾದ ವಸ್ತು ಮಾತ್ರ ಎಂದೂ ಕಂಡಿರದ ಇಂಥ ಗುಂಪುಗಳನ್ನು ಮೌನ ಗುಂಪುಗಳೆನ್ನುತ್ತಾರೆ. ಆಮೇಲೆ ಓದಿದ ಜೀನೋಮ್‌ಗಳಲ್ಲೆಲ್ಲ ಇದೇ ಕಥೆ.

ಮೌನಕ್ಕೆ ಕಾರಣ ಖರ್ಚು. ಒಂದು ಸಂಕೀರ್ಣ ಪ್ರತಿಜೀವಕವನ್ನು ಕಟ್ಟಲು ಹತ್ತಾರು ಕಿಣ್ವಗಳು ಬೇಕು, ಅವಕ್ಕೆ ಇಂಗಾಲ, ಸಾರಜನಕ, ಶಕ್ತಿ ಎಲ್ಲವೂ ಬೇಕು. ನೆಂಟರಿಲ್ಲದ ದಿನ ಅಟ್ಟದ ಮೇಲಿನ ದೊಡ್ಡ ಪಾತ್ರೆಗಳನ್ನು ಯಾರೂ ಕೆಳಗಿಳಿಸುವುದಿಲ್ಲ. ಶುದ್ಧ ತಟ್ಟೆಯಲ್ಲಿ ಹೊಟ್ಟೆ ತುಂಬ ಸಕ್ಕರೆ, ಪ್ರೋಟೀನು ಇದ್ದು, ಎದುರಾಳಿಯೂ ಇಲ್ಲ, ಸಂಗಾತಿಯೂ ಇಲ್ಲ ಎಂದಾದಾಗ ಬ್ಯಾಕ್ಟೀರಿಯಾ ಬೆಳೆದು ಹೆಚ್ಚುವುದರಲ್ಲೇ ಇರುತ್ತದೆ. ಅಂದರೆ ನಾವು ಅರ್ಧ ಶತಮಾನ ಕಾಲ ಅವುಗಳನ್ನು ಮಾತಾಡಬೇಕಾದ ಸಂದರ್ಭದಿಂದಲೇ ಹೊರಗಿಟ್ಟು, ಇವಕ್ಕೆ ಮಾತು ಬಾರದು ಎಂದು ತೀರ್ಮಾನಿಸಿದ್ದೆವು.

ಎರಡನೆಯ ಪ್ರಶ್ನೆಗೆ ಒಂದು ಪ್ರಯೋಗವನ್ನು ವಿವರವಾಗಿ ಹೇಳುವುದೇ ಒಳ್ಳೆಯದು. ಜರ್ಮನಿಯ ಯೇನಾ ನಗರದ ಸಂಶೋಧಕರು ಆಸ್ಪರ್ಜಿಲಸ್ ನಿಡುಲಾನ್ಸ್ ಎಂಬ ಶಿಲೀಂಧ್ರವನ್ನು ಮಣ್ಣಿನ 58 ಬಗೆಯ ಆ್ಯಕ್ಟಿನೊಮೈಸೀಟ್ ಬ್ಯಾಕ್ಟೀರಿಯಾಗಳ (ಸ್ಟ್ರೆಪ್ಟೊಮೈಸಿಸ್ ಸೇರಿದ ದೊಡ್ಡ ಗುಂಪು) ಜೊತೆ ಬೇರೆ ಬೇರೆಯಾಗಿ ಬೆಳೆಸಿ, ಅದರ ಯಾವ ಮೌನ ವಂಶವಾಹಿಗಳು ಎಚ್ಚರಗೊಳ್ಳುತ್ತವೆಂದು ನೋಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒಂದು ನಿರ್ದಿಷ್ಟ ಮೌನ ಗುಂಪನ್ನು ಎಬ್ಬಿಸಿದ್ದು 58ರಲ್ಲಿ ಒಂದೇ ಒಂದು, ಇಂದು ಸ್ಟ್ರೆಪ್ಟೊಮೈಸಿಸ್ ರಾಪಾಮೈಸಿನಿಕಸ್ ಎಂದು ಕರೆಯುವ ಬ್ಯಾಕ್ಟೀರಿಯಾ. (ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಕೊಡುವ ರಾಪಾಮೈಸಿನ್ ಬಂದದ್ದು ಈ ಬ್ಯಾಕ್ಟೀರಿಯಾದಿಂದಲೇ; ರಾಪಾ ನೂಯಿ ದ್ವೀಪದ ಮಣ್ಣಿನಲ್ಲಿ ಸಿಕ್ಕಿದ್ದರಿಂದ ಆ ಹೆಸರು.) ಎಚ್ಚೆತ್ತ ಶಿಲೀಂಧ್ರ ಆರ್ಸೆಲಿನಿಕ್ ಆಮ್ಲ, ಲೆಕನೋರಿಕ್ ಆಮ್ಲ ಮೊದಲಾದವನ್ನು ತಯಾರಿಸಿತು. ಎರಡನ್ನೂ ನಡುವೆ ಪೊರೆಯೊಂದನ್ನು ಇಟ್ಟು ಬೇರ್ಪಡಿಸಿ, ದ್ರವ ಮಾತ್ರ ಅತ್ತಿತ್ತ ಹರಿಯುವಂತೆ ಮಾಡಿದಾಗ ಏನೂ ಆಗಲಿಲ್ಲ. ಬ್ಯಾಕ್ಟೀರಿಯಾದ ಎಳೆಗಳು ಶಿಲೀಂಧ್ರದ ಎಳೆಗಳನ್ನು ಮುಟ್ಟಿ ಅಪ್ಪಿಕೊಂಡಾಗ ಮಾತ್ರ ಆ ಗುಂಪು ಎಚ್ಚರಗೊಂಡಿತು. ಶಿಲೀಂಧ್ರದ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳ ಸುತ್ತ ಬಿಗಿಯಾಗಿ ಸುತ್ತಿಕೊಂಡಿರುತ್ತದೆಯಷ್ಟೆ; ಬ್ಯಾಕ್ಟೀರಿಯಾದ ಸಂಪರ್ಕವಾದಾಗ ಶಿಲೀಂಧ್ರದ ಸ್ವಂತ ಕಿಣ್ವವೊಂದು ಆ ಹಿಸ್ಟೋನ್‌ಗಳಿಗೆ ಅಸಿಟೈಲ್ ಗುಂಪುಗಳನ್ನು ಜೋಡಿಸಿ ಆ ಜಾಗದ ಬಿಗಿಯನ್ನು ಸಡಿಲಿಸುತ್ತದೆ ಎಂದು 2011ರಲ್ಲಿ ಅದೇ ತಂಡ ತೋರಿಸಿತು. ಹಾಗೆ ಎಬ್ಬಿಸುವ ಸಂಕೇತಗಳಲ್ಲಿ ಅರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ಮೊದಲುಗೊಳ್ಳುವ ಒಂದು ಬಗೆಯ ಪಾಲಿಕೀಟೈಡ್ (ಇಂಗಾಲದ ಸಣ್ಣ ತುಣುಕುಗಳನ್ನು ಸಾಲಾಗಿ ಜೋಡಿಸಿ ಕಟ್ಟಿದ) ಸಂಯುಕ್ತಗಳಿವೆ ಎಂಬುದು 2023ರ ಹೊತ್ತಿಗೆ ಸ್ಪಷ್ಟವಾಯಿತು.

ಎಲ್ಲ ಜೋಡಿಗಳೂ ಹೀಗೆ ಮುಟ್ಟಿಯೇ ಮಾತಾಡಬೇಕೆಂದಿಲ್ಲ. ಮೇಲೆ ಹೇಳಿದ ಸೀಲಿಕಲರ್ ಪ್ರಭೇದದ ಪಕ್ಕ ಮಿಕ್ಸೊಕಾಕಸ್ ಎಂಬ ಬೇಟೆಗಾರ ಬ್ಯಾಕ್ಟೀರಿಯಾವನ್ನು ಬೆಳೆಸಿದಾಗ, ಅದರ ಆ್ಯಕ್ಟಿನೊರೋಡಿನ್ ಎಂಬ ನೀಲಿ ಪ್ರತಿಜೀವಕದ ತಯಾರಿಕೆ 20 ಪಟ್ಟಿನವರೆಗೂ ಏರಿತೆಂದು 2011ರ ಅಧ್ಯಯನವೊಂದು ವರದಿ ಮಾಡಿತು. ಅಲ್ಲಿನ ಕಾರಣ ಕಬ್ಬಿಣದ ಜಗಳ: ಮಿಕ್ಸೊಕಾಕಸ್ ಕಬ್ಬಿಣವನ್ನು ಹಿಡಿದಿಡುವ ವಸ್ತುವನ್ನು ಹೊರಬಿಟ್ಟು ಸುತ್ತಲಿನ ಕಬ್ಬಿಣವನ್ನು ತನ್ನದಾಗಿಸಿಕೊಳ್ಳುತ್ತದೆ, ಕಬ್ಬಿಣದ ಬರ ಬಿದ್ದ ನೆರೆಯದು ಆಯುಧ ತೆಗೆಯುತ್ತದೆ. ಇಲ್ಲಿ ಸಂದೇಶ ಕಳಿಸುವ ಉದ್ದೇಶ ಯಾರಿಗೂ ಇಲ್ಲ, ಕೊರತೆಯೇ ಸಂದೇಶ. ಆದ್ದರಿಂದ "ಗೊತ್ತಾಗುವುದು ಹೇಗೆ" ಎಂಬುದಕ್ಕೆ ಜೋಡಿಗೊಂದು ಉತ್ತರವಿದೆ ಎನ್ನುವುದೇ ಸರಿ.

ಪ್ರಶ್ನೆ: ಕರಿಮೆಣಸಿನ ಬಳ್ಳಿಗೆ ಶೀಘ್ರ ಸೊರಗು ರೋಗ ಬಾರದಿರಲೆಂದು ಟ್ರೈಕೊಡರ್ಮವನ್ನು ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯೊಡನೆ ಬೆರೆಸಿ ಬುಡಕ್ಕೆ ಹಾಕುತ್ತೇನೆ. ಶತ್ರು ಎದುರಾದಾಗ ಮಾತ್ರ ಅದು ಮದ್ದು ತಯಾರಿಸುತ್ತದೆಯೆ? ಅದರೊಡನೆ ಸ್ಯೂಡೊಮೊನಾಸ್ ಪುಡಿಯನ್ನೂ ಬೆರೆಸಿದರೆ ಎರಡೂ ಒಂದನ್ನೊಂದು ಹುರಿದುಂಬಿಸಿ ಫಲ ಇಮ್ಮಡಿಯಾಗಬಹುದೆ? (ವಿರಾಜಪೇಟೆ)

ಉತ್ತರ: ಟ್ರೈಕೊಡರ್ಮ ಎಂಬ ಈ ಉಪಕಾರಿ ಶಿಲೀಂಧ್ರದ ಕೆಲವು ರಾಸಾಯನಿಕಗಳು ಯಾವಾಗಲೂ ಅಷ್ಟಿಷ್ಟು ಇರುತ್ತವೆ, ಕೆಲವು ಎದುರಾಳಿ ಸಿಕ್ಕಾಗ ಹೆಚ್ಚುತ್ತವೆ. ಚೆನ್ನಾಗಿ ಬೆಳೆದ ಕೆಲವು ಟ್ರೈಕೊಡರ್ಮ ತಳಿಗಳ ಡಬ್ಬಿಯ ಮುಚ್ಚಳ ತೆಗೆದಾಗ ಎಳೆಯ ತೆಂಗಿನಕಾಯಿಯಂಥ ವಾಸನೆ ಬರುವುದನ್ನು ನೀವು ಗಮನಿಸಿರಬಹುದು. ಅದು 6-ಪೆಂಟೈಲ್ ಪೈರೋನ್ ಎಂಬ ವಸ್ತು, ಅದಕ್ಕೂ ಶಿಲೀಂಧ್ರಗಳನ್ನು ತಡೆಯುವ ಗುಣವಿದೆ. 1930ರ ದಶಕದಲ್ಲಿ ಅಮೆರಿಕದ ರಿಚರ್ಡ್ ವೈಂಡ್ಲಿಂಗ್ ಟ್ರೈಕೊಡರ್ಮದ ಎಳೆಗಳು ರೈಜೊಕ್ಟೋನಿಯಾ ಶಿಲೀಂಧ್ರದ ಎಳೆಗಳಿಗೆ ಸುರುಳಿಯಾಗಿ ಸುತ್ತಿ ಕೊಲ್ಲುವುದನ್ನು ವಿವರಿಸಿ, ಅದು ಹೊರಬಿಡುವ ವಿಷವಸ್ತುವನ್ನೂ ಬೇರ್ಪಡಿಸಿದರು. ಈ ಸುತ್ತುವಿಕೆಗೆ ಮುಂಚೆಯೇ ಒಂದು ಹಂತವಿದೆ. ಟ್ರೈಕೊಡರ್ಮ ಸದಾ ಸ್ವಲ್ಪ ಪ್ರಮಾಣದ ಕಿಣ್ವಗಳನ್ನು ಸುತ್ತ ಹರಡಿರುತ್ತದೆ. ಅವು ಎದುರಾಳಿಯ ಕೋಶಭಿತ್ತಿಯನ್ನು ಕೆರೆದಾಗ ಉದುರುವ ಚೂರುಗಳು ಇದರ ಕಡೆಗೆ ಹರಿದು ಬಂದು, ಇನ್ನಷ್ಟು ಕಿಣ್ವ ತಯಾರಿಸಲು ಪ್ರಚೋದನೆ ಕೊಡುತ್ತವೆ. ಹಾಗಾಗಿ ನಿಮ್ಮ ಊಹೆ ಬಹುಮಟ್ಟಿಗೆ ಸರಿ. ಸೊರಗು ರೋಗವನ್ನು ತರುವ ಫೈಟಾಫ್ತೊರಾ ಎಂಬ ಜೀವಿ ನಿಜವಾದ ಶಿಲೀಂಧ್ರವಲ್ಲ, ಅದರ ಭಿತ್ತಿಯಲ್ಲಿರುವುದು ಮುಖ್ಯವಾಗಿ ಗ್ಲೂಕಾನ್ ಮತ್ತು ಸೆಲ್ಯುಲೋಸ್ ಎಂಬುದನ್ನೂ ಇಲ್ಲಿ ಸೇರಿಸಬೇಕು. ಅಲ್ಲಿ ನಡೆಯುವ ಕೆಲಸ ಗ್ಲೂಕಾನನ್ನು ಒಡೆಯುವ ಗ್ಲೂಕನೇಸ್ ಬಗೆಯ ಕಿಣ್ವಗಳದ್ದು.

ಎರಡನ್ನೂ ಬೆರೆಸುವ ವಿಚಾರದಲ್ಲಿ ಅವಸರ ಬೇಡ. ನೆರೆಯ ಜೀವಿ ಎಬ್ಬಿಸುವಂತೆ ಮಲಗಿಸಲೂಬಹುದು. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಕೆಲವು ತಳಿಗಳು ಬೇರಿನ ಬಳಿ ಒಂದು ಪ್ರಬಲ ಪ್ರತಿಜೀವಕವನ್ನು ತಯಾರಿಸುತ್ತವೆ. ಫ್ಯುಸೇರಿಯಂ ಶಿಲೀಂಧ್ರ ಹೊರಬಿಡುವ ಫ್ಯುಸಾರಿಕ್ ಆಮ್ಲ ಆ ತಯಾರಿಕೆಯನ್ನೇ ತಡೆಯುತ್ತದೆ. ಅಲ್ಲದೆ ಸ್ಯೂಡೊಮೊನಾಸ್ ತಯಾರಿಸುವ ಶಿಲೀಂಧ್ರನಾಶಕ ವಸ್ತುಗಳಿಗೆ ಟ್ರೈಕೊಡರ್ಮವೂ ಒಂದು ಶಿಲೀಂಧ್ರವೇ. ಯಾವ ತಳಿ ಯಾವ ತಳಿಯೊಡನೆ ಹೊಂದುತ್ತದೆ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಎರಡು ಪೊಟ್ಟಣಗಳ ಮೇಲಿನ ಹೆಸರು ನೋಡಿ ತಿಳಿಯುವಂಥದ್ದಲ್ಲ. ಅಪ್ಪಂಗಳದಲ್ಲಿರುವ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲೋ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ ಮುಂದುವರಿಯಿರಿ. ತಾಮ್ರಯುಕ್ತ ದ್ರಾವಣವನ್ನು ಬುಡಕ್ಕೆ ಸುರಿದ ಬೆನ್ನಲ್ಲೇ ಟ್ರೈಕೊಡರ್ಮ ಹಾಕಿದರೆ ಹಣ ಮಣ್ಣುಪಾಲು. ನಡುವೆ ಎರಡು ಮೂರು ವಾರಗಳ ಅಂತರವಿರಲಿ.

ಪ್ರಶ್ನೆ: ನಮ್ಮ ಕಡೆ ಮರದ ಕಾಂಡದ ಮೇಲೆ ಕಲ್ಲುಹೂವು ಯಥೇಚ್ಛವಾಗಿ ಬೆಳೆಯುತ್ತದೆ. ಅದು ಎರಡು ಜೀವಿಗಳ ಸಂಸಾರವೆಂದು ಓದಿದ್ದೇನೆ. ನೀವು ಹೇಳಿದ ಸಂಗತಿ ಅಲ್ಲಿಯೂ ನಡೆಯುತ್ತದೆಯೆ? (ಭಾಗಮಂಡಲ)

ಉತ್ತರ: ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೂ ತೋಚಿರಲಿಲ್ಲ. ಕಲ್ಲುಹೂವಿನಲ್ಲಿ ಶಿಲೀಂಧ್ರವೊಂದು ಪಾಚಿಯನ್ನೋ ನೀಲಿಹಸಿರು ಬ್ಯಾಕ್ಟೀರಿಯಾವನ್ನೋ ಒಳಗಿಟ್ಟುಕೊಂಡು ಬದುಕುತ್ತದೆ. ಜೊತೆಗೆ ಇನ್ನೂ ಹಲವು ಬ್ಯಾಕ್ಟೀರಿಯಾಗಳಿರುತ್ತವೆ. ಈ ಬಗೆಯ ಜೀವಿಗಳಿಂದ ತಿಳಿದುಬಂದಿರುವ ವಿಶೇಷ ರಾಸಾಯನಿಕಗಳು ಸಾವಿರದಷ್ಟಿವೆ. ತಯಾರಿಸುವುದು ಬಹುತೇಕ ಶಿಲೀಂಧ್ರವೇ ಆದರೂ, ಅದನ್ನು ಬಿಡಿಸಿ ತಂದು ಪ್ರಯೋಗಾಲಯದಲ್ಲಿ ಒಂಟಿಯಾಗಿ ಬೆಳೆಸಿದರೆ ಅನೇಕ ಸಲ ಅವೇ ವಸ್ತುಗಳು ಸಿಗುವುದಿಲ್ಲ. ಮೇಲಿನ ಉತ್ತರದಲ್ಲಿ ಬಂದ ಲೆಕನೋರಿಕ್ ಆಮ್ಲ ನೆನಪಿದೆಯೆ? ಅದು ಕಲ್ಲುಹೂವಿನ ಬಳಗದಲ್ಲಿ ಸಾಮಾನ್ಯವಾಗಿ ಕಾಣುವ ವಸ್ತು. ಎರಡು ಆರ್ಸೆಲಿನಿಕ್ ಆಮ್ಲಗಳ ಜೋಡಣೆಯಿಂದ ಆದದ್ದು. ಮಣ್ಣಿನಲ್ಲಿ ಒಂಟಿಯಾಗಿ ಬಾಳುವ ಶಿಲೀಂಧ್ರವೊಂದು ಬ್ಯಾಕ್ಟೀರಿಯಾದ ಸ್ಪರ್ಶಕ್ಕೆ ಅದನ್ನೇ ತಯಾರಿಸಿದ್ದು ಯೇನಾದ ಸಂಶೋಧಕರನ್ನು ಯೋಚನೆಗೆ ಹಚ್ಚಿತು. 2020ರಲ್ಲಿ ಅವರು ಆ ಶಿಲೀಂಧ್ರದೊಡನೆ ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯನ್ನು ಬೆಳೆಸಿದಾಗ, ಸ್ಟ್ರೆಪ್ಟೊಮೈಸಿಸ್‌ನ ವಿಷಕ್ಕೆ ಸಾಯುವ ಪಾಚಿ ಶಿಲೀಂಧ್ರದ ಎಳೆಗಳ ನಡುವೆ ಆಶ್ರಯ ಪಡೆದು ಉಳಿಯಿತು. ಕಲ್ಲುಹೂವಿನ ದಾಂಪತ್ಯ ಹೀಗೆಯೇ ಆರಂಭವಾಗಿರಬಹುದೆಂದು ಊಹಿಸಲು ಇದು ದಾರಿ ಮಾಡಿಕೊಟ್ಟಿತು. ಊಹೆ ಎಂಬುದನ್ನು ಮರೆಯಬಾರದು. ನಿಮ್ಮ ಶಾಲಾ ದಿನಗಳ ಲಿಟ್ಮಸ್ ಕಾಗದದ ಬಣ್ಣವೂ ಮೂಲತಃ ಇಂಥ ಬಳಗದ್ದೇ.

ಪ್ರಶ್ನೆ: ಅರೇಬಿಕಾ ಕಾಫಿ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿದ ಮೇಲೆ ತೊಟ್ಟಿಯಲ್ಲಿ ಲೋಳೆ ಕರಗಲು ಬಿಡುತ್ತೇವಲ್ಲ, ಅದೂ ಸೂಕ್ಷ್ಮಜೀವಿಗಳ ಒಡನಾಟವೇ ತಾನೆ? ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಒಳ್ಳೆಯ ವಸ್ತುಗಳು ಬರುತ್ತವೆಯೆ? (ಸೋಮವಾರಪೇಟೆ)

ಉತ್ತರ: ಒಡನಾಟ ಹೌದು, ಕೊನೆಯ ಮಾತು ಅಲ್ಲ. ತೊಟ್ಟಿಯಲ್ಲಿ ಯೀಸ್ಟ್‌ಗಳು, ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಮತ್ತು ಇನ್ನೂ ಹಲವು ಸೇರಿ, ಒಂದು ಬಿಟ್ಟ ಆಮ್ಲವನ್ನೋ ಸಕ್ಕರೆಯನ್ನೋ ಇನ್ನೊಂದು ಬಳಸುತ್ತ, ಒಂದೊಂದೂ ಮತ್ತೊಂದರ ಬೆಳವಣಿಗೆಯನ್ನು ಏರಿಳಿಸುತ್ತ ಸಾಗುತ್ತವೆ. ಲೋಳೆಯಲ್ಲಿರುವ ಪೆಕ್ಟಿನ್ ಒಡೆಯುವುದು ಅವುಗಳ ಮತ್ತು ಹಣ್ಣಿನ ಕಿಣ್ವಗಳಿಂದ. ಬೀಜವನ್ನು ಕೈಯಲ್ಲಿ ಹಿಡಿದು ಉಜ್ಜಿದಾಗ ಜಾರದೆ, ಮರಳಿನ ಕಲ್ಲಿನಂತೆ ಒರಟಾಗಿ ಸದ್ದು ಮಾಡಿದರೆ ಕೆಲಸ ಮುಗಿದಿದೆ ಎಂದರ್ಥ. ಅನುಭವಿ ಬೆಳೆಗಾರರು ಗಡಿಯಾರಕ್ಕಿಂತ ಇದನ್ನೇ ನಂಬುತ್ತಾರೆ. ಅದನ್ನು ಮೀರಿ ಬಿಟ್ಟರೆ ಹುಳಿ ಮತ್ತು ಈರುಳ್ಳಿಯಂಥ ಕೆಟ್ಟ ವಾಸನೆ ಬೀಜಕ್ಕೆ ಹತ್ತುತ್ತದೆ.

ಇನ್ನೊಂದು ಎಚ್ಚರಿಕೆ. ಸೂಕ್ಷ್ಮಜೀವಿಗಳು ತಯಾರಿಸುವ ವಸ್ತುಗಳೆಲ್ಲ ನಮಗೆ ಉಪಕಾರಿಯಾಗಬೇಕೆಂಬ ನಿಯಮವಿಲ್ಲ. ಒಣಗುವ ಕಾಫಿಯಲ್ಲಿ ತೇವ ಉಳಿದರೆ ಕೆಲವು ಆಸ್ಪರ್ಜಿಲಸ್ ಪ್ರಭೇದಗಳು ಮೂತ್ರಪಿಂಡಕ್ಕೆ ಹಾನಿಕರವಾದ ಆಕ್ರಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತವೆ. ಯುರೋಪಿನ ಒಕ್ಕೂಟ ಹುರಿದ ಕಾಫಿಯಲ್ಲಿ ಒಂದು ಕಿಲೋಗೆ 3 ಮೈಕ್ರೊಗ್ರಾಮ್‌ಗಿಂತ ಹೆಚ್ಚು ಇರಬಾರದೆಂದು ಮಿತಿ ಹಾಕಿದೆ. ಸಮಾಧಾನದ ಸಂಗತಿಯೆಂದರೆ, ಕಾಫಿಯಲ್ಲೇ ಸಿಗುವ ಪೀಚಿಯಾ ಬಳಗದ ಕೆಲವು ಯೀಸ್ಟ್‌ಗಳು ಆ ಶಿಲೀಂಧ್ರಗಳ ಬೆಳವಣಿಗೆಯನ್ನೂ ವಿಷದ ತಯಾರಿಕೆಯನ್ನೂ ತಗ್ಗಿಸುತ್ತವೆಂದು ಪ್ರಯೋಗಗಳು ತೋರಿಸಿವೆ. ಆದರೂ ಯೀಸ್ಟ್‌ನ ಮೇಲೆ ಭಾರ ಹಾಕಿ ಒಣಗಿಸುವ ಕಣವನ್ನು ಮರೆಯುವಂತಿಲ್ಲ. ಬೇಗ ಒಣಗಿಸುವುದು, ರಾತ್ರಿ ಮಂಜಿಗೆ ಮುಚ್ಚುವುದು, ತೇವ ಶೇ 10–11ಕ್ಕೆ ಇಳಿದ ಮೇಲೆಯೇ ಮೂಟೆ ಕಟ್ಟುವುದು ಇವಕ್ಕೆ ಬದಲಿಯಿಲ್ಲ.

ಪ್ರಶ್ನೆ: ಜೊತೆಗೂಡಿಸಿ ಬೆಳೆಸಿದರೆ ಹೊಸ ಮದ್ದು ಸಿಗುತ್ತದೆ ಎಂದಾದರೆ ಇಷ್ಟು ಹೊತ್ತಿಗೆ ಔಷಧದಂಗಡಿಗಳು ತುಂಬಿ ತುಳುಕಬೇಕಿತ್ತು. ಹಾಗೇಕೆ ಆಗಿಲ್ಲ? (ನಿವೃತ್ತ ಶಿಕ್ಷಕರು, ಮಡಿಕೇರಿ)

ಉತ್ತರ: ತಾವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಈ ವಿಧಾನದ ಬಗ್ಗೆ ಬರೆಯುವವರು, ನಾವೂ ಸೇರಿ, ಕಷ್ಟಗಳನ್ನು ಕಡಿಮೆ ಹೇಳುತ್ತೇವೆ.

2001ರಲ್ಲಿ ಅಮೆರಿಕದ ಸಂಶೋಧಕರು ಕಡಲ ಪಾಚಿಯಿಂದ ಬೇರ್ಪಡಿಸಿದ ಶಿಲೀಂಧ್ರವೊಂದರ ಜೊತೆಗೆ ಕಡಲ ಬ್ಯಾಕ್ಟೀರಿಯಾವೊಂದನ್ನು ಬೆಳೆಸಿ ಪೆಸ್ಟಲೋನ್ ಎಂಬ ಹೊಸ ವಸ್ತುವನ್ನು ಪಡೆದರು. ಎರಡರಲ್ಲಿ ಯಾವುದೂ ಒಂಟಿಯಾಗಿ ಅದನ್ನು ತಯಾರಿಸುತ್ತಿರಲಿಲ್ಲ. ಹಲವು ಮದ್ದುಗಳಿಗೆ ಬಗ್ಗದ ಸ್ಟಫೈಲೊಕಾಕಸ್ ಎಂಬ ರೋಗಕಾರಕ ಬ್ಯಾಕ್ಟೀರಿಯಾದ ಮೇಲೆ ಅದು ಅಸಾಧಾರಣವಾಗಿ ಕೆಲಸ ಮಾಡುತ್ತದೆಂಬ ವರದಿ ದೊಡ್ಡ ಸುದ್ದಿಯಾಯಿತು. ಮುಂದೆ ರಸಾಯನಶಾಸ್ತ್ರಜ್ಞರು ಅದೇ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಿ ಪರೀಕ್ಷಿಸಿದಾಗ ಅದರ ಶಕ್ತಿ ಮೊದಲು ಹೇಳಿದ್ದಕ್ಕಿಂತ ಬಹಳ ಕಡಿಮೆ ಎಂದು ಕಂಡಿತು. 2007ರಲ್ಲಿ ಇನ್ನೊಂದು ಜೋಡಿಯಿಂದ ಎಮೆರಿಸೆಲಮೈಡ್ ಎಂಬ ಹೊಸ ವಸ್ತುಗಳು ಬಂದವು. ಅವೂ ಆಸ್ಪತ್ರೆಯ ಬಾಗಿಲು ತಲುಪಿಲ್ಲ. ಹೊಸ ಅಣು ಸಿಗುವುದಕ್ಕೂ ಅದು ರೋಗಿಗೆ ಸುರಕ್ಷಿತ ಮದ್ದಾಗುವುದಕ್ಕೂ ನಡುವೆ ಇರುವ ದೂರ, ಅಣು ಎಲ್ಲಿಂದ ಬಂದರೂ ಒಂದೇ.

ಈ ವಿಧಾನಕ್ಕೇ ವಿಶಿಷ್ಟವಾದ ತೊಡಕುಗಳೂ ಇವೆ. ಬ್ಯಾಕ್ಟೀರಿಯಾ ಗಂಟೆಗಳಲ್ಲಿ ಹೆಚ್ಚಿದರೆ ಶಿಲೀಂಧ್ರಕ್ಕೆ ದಿನಗಳು ಬೇಕು; ಇಬ್ಬರಿಗೂ ಹಿಡಿಸುವ ಆಹಾರ, ಉಷ್ಣತೆ ಸಿಗಬೇಕು; ಯಾವುದನ್ನು ಎಷ್ಟು ಹೊತ್ತು ಮುಂಚೆ ಬಿಡಬೇಕೆಂಬ ಲೆಕ್ಕ ತಪ್ಪಿದರೆ ಒಂದು ಇನ್ನೊಂದನ್ನು ನುಂಗಿ ಮುಗಿಸಿರುತ್ತದೆ. ಅಂಗೈಯಗಲದ ತಟ್ಟೆಯಲ್ಲಿ ನಡೆದದ್ದು ಸಾವಿರಾರು ಲೀಟರಿನ ಹುದುಗು ತೊಟ್ಟಿಯಲ್ಲಿ ನಡೆಯುವ ಖಾತರಿಯಿಲ್ಲ. 58ರಲ್ಲಿ ಒಂದು ಮಾತ್ರ ಫಲ ಕೊಟ್ಟದ್ದನ್ನೂ ನೆನೆಯಿರಿ. ಕೊನೆಗೆ, ತಯಾರಿಸಿದವರು ಯಾರು ಎಂಬುದೇ ಗೊಂದಲವಾಗುತ್ತದೆ. ಭತ್ತದ ಸಸಿಗಳನ್ನು ಕೊಲ್ಲುವ ರೈಜೋಪಸ್ ಶಿಲೀಂಧ್ರದ ರೈಜಾಕ್ಸಿನ್ ಎಂಬ ವಿಷವನ್ನು ಇಪ್ಪತ್ತು ವರ್ಷ ಎಲ್ಲರೂ ಶಿಲೀಂಧ್ರದ್ದೇ ಎಂದುಕೊಂಡಿದ್ದರು. ಕ್ಯಾನ್ಸರ್ ಮದ್ದಾಗಬಹುದೆಂದು ಅದನ್ನು ಪರೀಕ್ಷಿಸಿಯೂ ಆಗಿತ್ತು. ಅದನ್ನು ತಯಾರಿಸುವುದು ಶಿಲೀಂಧ್ರದ ಎಳೆಗಳ ಒಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಎಂದು 2005ರಲ್ಲಿ ತಿಳಿಯಿತು. ಅಷ್ಟೇ ಅಲ್ಲ, ಆ ಬ್ಯಾಕ್ಟೀರಿಯಾವನ್ನು ತೆಗೆದುಹಾಕಿದರೆ ಶಿಲೀಂಧ್ರಕ್ಕೆ ಬೀಜಕಣಗಳನ್ನು ಬಿಡಲೂ ಆಗುವುದಿಲ್ಲ.

ಇಷ್ಟಾದರೂ ನಮ್ಮ ಅಭಿಪ್ರಾಯ ಈ ದಾರಿಯ ಪರವಾಗಿಯೇ ಇದೆ. ಹಳೆಯ ಹುಡುಕಾಟ ಯಾವ ಜೀವಿ ಎಂದು ಕೇಳುತ್ತಿತ್ತು. ಈಗಿನದು ಆ ಜೀವಿ ಯಾರ ಜೊತೆಯಲ್ಲಿದೆ ಎಂದೂ ಕೇಳುತ್ತದೆ. ಮದ್ದು ಬರುವುದು ತಡವಾದರೂ ಈ ಎರಡನೆಯ ಪ್ರಶ್ನೆಯಿಂದ ಮಣ್ಣಿನ ಬಗ್ಗೆ ತಿಳಿದದ್ದು ಕಡಿಮೆಯೇನಲ್ಲ.

ಪ್ರಶ್ನೆ: ಪುಷ್ಪಗಿರಿ ಅಥವಾ ಬ್ರಹ್ಮಗಿರಿ ಕಾಡಿನ ಮಣ್ಣಿನಿಂದ ಕಾಲೇಜಿನ ಪ್ರಾಜೆಕ್ಟಿಗಾಗಿ ಇಂಥ ಬ್ಯಾಕ್ಟೀರಿಯಾ ಬೇರ್ಪಡಿಸಬಹುದೆ? (ಪೊನ್ನಂಪೇಟೆ)

ಉತ್ತರ: ಅವೆರಡೂ ವನ್ಯಜೀವಿ ಧಾಮಗಳು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿಂದ ಹಿಡಿ ಮಣ್ಣನ್ನೂ ತರುವಂತಿಲ್ಲ. ಅದರ ಅಗತ್ಯವೂ ಇಲ್ಲ. ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್‌ನಲ್ಲಿ ಎಂ.ಜೆ. ತಿರುಮಲಾಚಾರ್ ಮತ್ತು ಸಂಗಡಿಗರಿಗೆ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಪ್ರತಿಜೀವಕ ದೊರೆತದ್ದು ಪಿಂಪ್ರಿಯ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್‌ನಿಂದ. ನಿಮ್ಮ ಮನೆಯ ತೋಟದಲ್ಲಿ ಕಾಫಿ ಗಿಡದ ಬೇರಿನ ಸುತ್ತಲಿನ ಮಣ್ಣು ಸಾಕು. ಅದನ್ನು ನೆರಳಿನಲ್ಲಿ ಕೆಲವು ದಿನ ಒಣಗಿಸಿದರೆ ಬೇರೆ ಬ್ಯಾಕ್ಟೀರಿಯಾಗಳು ತಗ್ಗುತ್ತವೆ. ಆಮೇಲೆ ನೀರಿನಲ್ಲಿ ತೆಳುಗೊಳಿಸಿ, ಪಿಷ್ಟ ಮತ್ತು ಕೇಸೀನ್ ಬೆರೆಸಿದ ಅಗರ್ ತಟ್ಟೆಗೆ ಹಚ್ಚಿ 28 ಡಿಗ್ರಿಯ ಆಸುಪಾಸಿನಲ್ಲಿ ಒಂದು ವಾರ ಇಡಿ. ಸೀಮೆಸುಣ್ಣದ ಪುಡಿ ಉದುರಿಸಿದಂತೆ ಒಣಗಿದ, ಸೂಜಿಯಿಂದ ಎಬ್ಬಿಸಲು ಹೋದರೆ ಅಗರ್ ಸಮೇತ ಕಿತ್ತುಬರುವ ಗಟ್ಟಿ ಚುಕ್ಕೆಗಳು ಕಂಡರೆ ಅವು ಬಹುಶಃ ಸ್ಟ್ರೆಪ್ಟೊಮೈಸಿಸ್. ಒಂದನ್ನು ತಟ್ಟೆಯ ನಡುವೆ ಗೆರೆಯಾಗಿ ಎಳೆದು, ಅದು ಬೆಳೆದ ಮೇಲೆ ಅಡ್ಡಲಾಗಿ ಇನ್ನೊಂದನ್ನು ಎಳೆಯಿರಿ. ಎರಡೂ ಸಂಧಿಸುವಲ್ಲಿ ಹೊಸ ಬಣ್ಣವೋ ಬೆಳೆಯದೆ ಉಳಿದ ಖಾಲಿ ಜಾಗವೋ ಕಾಣುತ್ತದೆಯೇ ನೋಡಿ. ಗುರುತಿಲ್ಲದ ಸೂಕ್ಷ್ಮಜೀವಿಗಳಾದ್ದರಿಂದ ಇದನ್ನು ಅಡುಗೆಮನೆಯಲ್ಲಿ ಮಾಡಬೇಡಿ. ಕಾಲೇಜಿನ ಪ್ರಯೋಗಾಲಯದಲ್ಲಿ, ಅಧ್ಯಾಪಕರ ಎದುರಿನಲ್ಲೇ ಮಾಡಿ, ಮುಗಿದ ಮೇಲೆ ತಟ್ಟೆಗಳನ್ನು ಆಟೋಕ್ಲೇವ್‌ನಲ್ಲಿ ಬೇಯಿಸಿ ಎಸೆಯಿರಿ. ಒಂದು ವೇಳೆ ಗಮನಾರ್ಹವಾದದ್ದೇನಾದರೂ ಸಿಕ್ಕಿ ಹೊರದೇಶದ ಸಂಸ್ಥೆಗೆ ಕಳಿಸುವ ಮಾತು ಬಂದರೆ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳು ಅನ್ವಯಿಸುತ್ತವೆ. ಸೂಕ್ಷ್ಮಜೀವಿಗಳೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ.